ಸಾವ್ಕಾರರ ಚೀಟಿ ಹೋಯ್ತು, ಲಿಂಕ್ಡ್‌ಇನ್ ಬಂತು!

ಬಳ್ಳಾರಿ: ಸಿರುಗುಪ್ಪ ಬಸ್ಸಿನ ಕಿಟಕಿ ಪಕ್ಕ ಪ್ಲಾಸ್ಟಿಕ್ ಫೈಲೊಂದನ್ನು ಎದೆಗವಚಿಕೊಂಡು ಕೂತ ಹುಡುಗ ಹುಡುಗಿಯರನ್ನು ಪ್ರಯಾಣಿಕರು ದಿನಾ ನೋಡುತ್ತಾರೆ. ಒಳಗೆ ಏನಿದೆಯೆಂದು ಕೇಳುವ ಅಗತ್ಯವೇ ಇಲ್ಲ. ಡಿಗ್ರಿ ಅಂಕಪಟ್ಟಿ, ಆಧಾರ್ ಜೆರಾಕ್ಸ್, ಎರಡು ಪಾಸ್‌ಪೋರ್ಟ್ ಫೋಟೋ, ಡಿ.ಟಿ.ಪಿ. ಅಂಗಡಿಯಲ್ಲಿ ಹೊಡೆಸಿದ ಬಯೋಡೇಟಾ. ಬೆಳಿಗ್ಗೆ ಬರುವುದು, ನಾಲ್ಕು ಆಫೀಸು ಸುತ್ತುವುದು, "ನೋಡಿ ಹೇಳ್ತೀವಿ, ಹೋಗ್ರಿ" ಅನ್ನಿಸಿಕೊಂಡು ಸಂಜೆ ಬಸ್ಸಿಗೆ ವಾಪಸಾಗುವುದು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ದೆಸೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಾದರೂ ಉಳಿದಿದೆ. ಗಂಡುಹುಡುಗರಿಗೆ ಅದೂ ಇಲ್ಲ.

ಒಂದು ಕಾಲವಿತ್ತು. ಪೇಟೆಯ ಸಾವ್ಕಾರರೊಬ್ಬರು "ಹುಡುಗ ನಮ್ಮ ಪೈಕಿ, ಲೆಕ್ಕದಲ್ಲಿ ಚೊಕ್ಕ" ಎಂದು ಚೀಟಿ ಗೀಚಿ ಕೊಟ್ಟರೆ ಸಾಕು, ಹುಡುಗ ಗಿರಣಿಯ ಗುಮಾಸ್ತನಾಗಿ ಕೂತುಬಿಡುತ್ತಿದ್ದ. ಚೀಟಿ ಸಿಗದ ಹುಡುಗನ ಗತಿ? ಅದನ್ನು ಕೇಳುವವರೇ ಇರಲಿಲ್ಲ ಬಿಡಿ.

ಈಗ ಆ ಚೀಟಿಯ ಜಾಗಕ್ಕೆ ಲಿಂಕ್ಡ್‌ಇನ್ ಬಂದು ಕೂತಿದೆ. 2003ರಲ್ಲಿ ಅಮೆರಿಕದಲ್ಲಿ ಶುರುವಾಗಿ, 2016ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಕಂಪನಿ ಇದು. "ಅದೂ ಫೇಸ್‌ಬುಕ್ಕೇ ಅಲ್ಲೇನ್ರಿ?" ಎನ್ನುವ ತಂದೆತಾಯಿಗಳುಂಟು. ಅಲ್ಲ. ಇದು ಹುಟ್ಟುಹಬ್ಬದ ಕೇಕು ತೋರಿಸುವ ಜಾಗವಲ್ಲ. ಓದು, ಮಾಡಿದ ಕೆಲಸ, ಬಲ್ಲ ವಿದ್ಯೆ ಇಷ್ಟನ್ನು ಬರೆದಿಟ್ಟರೆ ಬೆಂಗಳೂರು, ಹೈದರಾಬಾದಿನ ನೇಮಕಾತಿಯವರು ಅಲ್ಲಿಂದಲೇ ಹುಡುಕಿ ನೋಡುತ್ತಾರೆ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇದನ್ನು ಹೇಳಿಕೊಡಲು ಪ್ಲೇಸ್‌ಮೆಂಟ್ ವಿಭಾಗದವರಿದ್ದಾರೆ. ಸಿರುಗುಪ್ಪ, ಕುರುಗೋಡಿನಿಂದ ಬರುವ ಬಿ.ಎ., ಬಿ.ಕಾಂ. ಮಕ್ಕಳಿಗೆ ಹೇಳುವವರು ಕಡಿಮೆ. ತೊಂದರೆ ಇರುವುದು ಇಲ್ಲಿಯೇ.

ಕೊನೆಯ ಹೆಸರು ಎಲ್ಲಿಂದ ತರೋಣ?

ಖಾತೆ ತೆರೆದ ಕೂಡಲೇ ಮೊದಲ ಹೆಸರು, ಕೊನೆಯ ಹೆಸರು ಬೇರೆ ಬೇರೆ ಕೇಳುತ್ತದೆ. ನಮ್ಮ ಸೀಮೆಯವರಿಗೆ ಕೊನೆಯ ಹೆಸರು ಎಲ್ಲಿಂದ ಬರಬೇಕು ಸ್ವಾಮಿ? ಇರುವುದು ಊರಿನದೊಂದು, ಅಪ್ಪನದೊಂದು ಇನಿಷಿಯಲ್. ಕೆಲವರು ಆ ಜಾಗಕ್ಕೆ ಸಿನಿಮಾ ನಟನ ಬಿರುದು ಸೇರಿಸಿಬಿಡುತ್ತಾರೆ, ಇ-ಮೇಲ್ ವಿಳಾಸವನ್ನೂ ಹಾಗೆಯೇ ಮಾಡಿಕೊಂಡಿರುತ್ತಾರೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಏನಿದೆಯೋ ಅದೇ ಇರಲಿ. ಕೊನೆಯ ಹೆಸರಿನ ಮನೆಯಲ್ಲಿ ಇನಿಷಿಯಲ್ ಹಾಕಿದರೂ ನಡೆಯುತ್ತದೆ. ನಾಳೆ ಕೆಲಸ ಸಿಕ್ಕಾಗ ದಾಖಲೆ ತಾಳೆ ನೋಡುವವರು ಅಂಕಪಟ್ಟಿಯನ್ನೇ ಕೇಳುತ್ತಾರೆ, ಬಿರುದನ್ನಲ್ಲ.

ಇನ್ನೊಂದು ಎಡವಟ್ಟು ನಮ್ಮ ಜಿಲ್ಲೆಗೇ ಮೀಸಲು. ವಿಶ್ವವಿದ್ಯಾಲಯದ ಹೆಸರು ಟೈಪು ಮಾಡುವಾಗ ಕೆಳಗೊಂದು ಪಟ್ಟಿ ಬರುತ್ತದೆ. 2010ರಲ್ಲಿ ಸ್ಥಾಪನೆಯಾದ ನಮ್ಮದು ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಬರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇರುವುದು ಆಂಧ್ರದ ಅನಂತಪುರದಲ್ಲಿ! ಅವಸರದಲ್ಲಿ ಅದನ್ನು ಒತ್ತಿದರೆ ಬಳ್ಳಾರಿಯ ಹುಡುಗ ಅನಂತಪುರದ ಪದವೀಧರನಾಗಿಬಿಡುತ್ತಾನೆ.

ಊರಿನ ಹೆಸರೂ ಹಾಗೆಯೇ. 2014ರ ನವೆಂಬರ್ 1ರಂದು ಇಂಗ್ಲಿಷರ ಕಾಲದ 'ಬೆಲ್ಲಾರಿ' ಹೋಗಿ 'ಬಳ್ಳಾರಿ' ಆಯಿತು. ಹಳೆಯ ಸ್ಪೆಲಿಂಗ್ ಇನ್ನೂ ಎಷ್ಟೋ ಕಡೆ ಉಳಿದಿದೆ. ಸ್ಥಳದ ಜಾಗದಲ್ಲಿ ಹೊಸದನ್ನು ಆರಿಸಿ, ಪರಿಚಯದ ಸಾಲುಗಳಲ್ಲಿ ಹಳೆಯದನ್ನೂ ಒಮ್ಮೆ ಬರೆಯುವುದು ಒಳ್ಳೆಯದು. ಯಾವುದರಿಂದ ಹುಡುಕಿದರೂ ಸಿಕ್ಕಬೇಕಲ್ಲ. ತೋರಣಗಲ್ಲಿನ ಜಿಂದಾಲ್‌ನಲ್ಲಿ ತರಬೇತಿ ಪಡೆದವರು ಇನ್ನೊಂದು ನೆನಪಿಡಬೇಕು. ಕಾರ್ಖಾನೆಯ ಹೆಸರಿನಲ್ಲಿ ವಿಜಯನಗರ ಇದೆ, ಆದರೆ ತೋರಣಗಲ್ಲು ಸಂಡೂರು ತಾಲೂಕು, ಬಳ್ಳಾರಿ ಜಿಲ್ಲೆ. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ಬೇರೆಯಾದ ವಿಜಯನಗರ ಜಿಲ್ಲೆಯಲ್ಲ.

ಅಂಗಡಿ ಕೆಲಸ ಕೆಲಸವಲ್ಲವೇ?

ಹೆಸರಿನ ಕೆಳಗೆ 220 ಅಕ್ಷರಗಳ ಒಂದು ತಲೆಬರಹಕ್ಕೆ ಜಾಗವಿದೆ. ಹುಡುಕುವವರ ಕಣ್ಣಿಗೆ ಫೋಟೋದ ಜೊತೆ ಮೊದಲು ಬೀಳುವುದು ಇದೇ. ನಮ್ಮ ಮಕ್ಕಳು ಅಲ್ಲಿ ಬರೆಯುವುದೇನು? "ಫ್ರೆಷರ್, ಕೆಲಸ ಹುಡುಕುತ್ತಿದ್ದೇನೆ." ಲಕ್ಷಾಂತರ ಮಂದಿ ಬರೆದದ್ದೂ ಅದೇ ಸಾಲು. ಹುಡುಕುವವರು 'ಫ್ರೆಷರ್' ಎಂದು ಹುಡುಕುವುದಕ್ಕಿಂತ ಟ್ಯಾಲಿ, ಜಿ.ಎಸ್.ಟಿ., ಎಕ್ಸೆಲ್ ಎಂದು ಹುಡುಕುವುದೇ ಹೆಚ್ಚು.

ಅನುಭವದ ಜಾಗವನ್ನಂತೂ ಖಾಲಿ ಬಿಟ್ಟಿರುತ್ತಾರೆ. ಖಾಲಿ ಯಾಕೆ? ಸಿರುಗುಪ್ಪದ ಹುಡುಗ ಭತ್ತದ ಸುಗ್ಗಿಯಲ್ಲಿ ರೈಸ್‌ಮಿಲ್ಲಿನ ತೂಕದ ಚೀಟಿ ಬರೆದಿರುತ್ತಾನೆ, ಲಾರಿ ಬಾಡಿಗೆ ಲೆಕ್ಕ ಇಟ್ಟಿರುತ್ತಾನೆ. ಕೌಲ್‌ಬಜಾರಿನ ಹುಡುಗಿ ಜೀನ್ಸ್ ಘಟಕದಲ್ಲಿ ಎಷ್ಟು ಪೀಸು ಹೊಲಿಗೆಗೆ ಹೋಯಿತು, ಎಷ್ಟು ವಾಷಿಂಗ್‌ನಿಂದ ವಾಪಸು ಬಂತು ಎಂದು ಎಣಿಸಿ ಬರೆದಿರುತ್ತಾಳೆ. ಕುರುಗೋಡಿನಲ್ಲಿ ಅಪ್ಪನ ಕಿರಾಣಿ ಅಂಗಡಿಯ ಜಿ.ಎಸ್.ಟಿ. ಬಿಲ್ಲುಗಳನ್ನೆಲ್ಲ ಕಂಪ್ಯೂಟರಿಗೆ ಹಾಕುವವನು ಮಗನೇ. ಕೇಳಿದರೆ "ಅಯ್ಯ, ಅದೇನ್ ದೊಡ್ಡ ಕೆಲ್ಸ ಬಿಡ್ರಿ" ಅಂತಾನೆ. ನಾಚಿಕೆ! ನಮ್ಮ ಹುಡುಗರು ಕಳೆದುಕೊಳ್ಳುತ್ತಿರುವುದು ಈ ನಾಚಿಕೆಯಿಂದಲೇ. ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಎಲ್ಲಿ, ದಿನಕ್ಕೆ ಎಷ್ಟು ಬಿಲ್ಲು ಎಂದು ಉಪ್ಪುಖಾರ ಹಚ್ಚದೆ ಬರೆದರೆ ಅದೇ ಅನುಭವ. ಇಲ್ಲದ್ದನ್ನು ಬರೆದರೆ ಮಾತ್ರ ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಕಾಲೇಜಿನ ಪುಟ ತೆರೆದರೆ ಅಲ್ಲಿ ಓದಿ ಹೋದವರು ಈಗ ಎಲ್ಲೆಲ್ಲಿದ್ದಾರೆಂಬುದೂ ಕಾಣುತ್ತದೆ. ಮೂರು ವರ್ಷ ಹಿಂದಿನ ಸೀನಿಯರ್ ಒಬ್ಬಾಕೆ ಬೆಂಗಳೂರಿನ ಕಂಪನಿಯಲ್ಲಿದ್ದರೆ "ಅಕ್ಕಾ, ಕೆಲಸ ಕೊಡಿಸ್ರಿ" ಎಂದು ಬರೆಯುವುದಲ್ಲ. ಪಾಪ, ಅವಳ ಕೈಯಲ್ಲೇನಿದೆ? "ನಿಮ್ಮ ಕೆಲಸಕ್ಕೆ ಏನು ಕಲಿತಿರಬೇಕು, ಸಂದರ್ಶನದಲ್ಲಿ ಏನು ಕೇಳಿದರು" ಎಂದು ಕೇಳಿದರೆ ಉತ್ತರ ಬರುವ ಸಂಭವ ಹೆಚ್ಚು.

ವಂಚಕರೂ ಅಲ್ಲೇ ಇದ್ದಾರೆ

ಹೆಣ್ಣುಮಕ್ಕಳ ತಂದೆಯರ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕೆಲಸದ ಹೆಸರಿನಲ್ಲಿ ಮಾತಿಗೆಳೆದು ಫೋಟೋ ಕೇಳುವವರು, ವಾಟ್ಸ್ಯಾಪ್ ನಂಬರಿಗೆ ಗಂಟುಬೀಳುವವರು ಅಲ್ಲಿಯೂ ಉಂಟು. ಅಂಥವರನ್ನು ಬ್ಲಾಕ್ ಮಾಡಿ ದೂರು ಕೊಡುವ ಗುಂಡಿ ಅಲ್ಲೇ ಇದೆ. ಮೊಬೈಲ್ ನಂಬರು, ಮನೆ ವಿಳಾಸ, ಪೂರ್ತಿ ಹುಟ್ಟಿದ ದಿನಾಂಕ, ಆಧಾರ್ ಇವನ್ನು ಎಲ್ಲರಿಗೂ ಕಾಣುವಂತೆ ಹಾಕಲೇಬಾರದು. ಇನ್ನು ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಫೀಸು ಎಂದು ಯಾವನಾದರೂ ಮೊದಲೇ ದುಡ್ಡು ಕೇಳಿದನೋ, ಅಲ್ಲಿಗೆ ಮಾತು ಮುಗಿಯಿತು. ಕೊಟ್ಟು ಕೆಟ್ಟವರು ತಡಮಾಡದೆ 1930ಕ್ಕೆ ಫೋನು ಮಾಡಬೇಕು. ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ಪ್ರೀಮಿಯಂ ಎಂದು ಲಿಂಕ್ಡ್‌ಇನ್‌ನವರೇ ಒಂದು ತಿಂಗಳು ಪುಕ್ಕಟೆ ಆಸೆ ತೋರಿಸುತ್ತಾರೆ. ಕಾರ್ಡಿನ ವಿವರ ಕೊಟ್ಟು ರದ್ದು ಮಾಡಲು ಮರೆತರೆ ಹಣ ಕಟ್. ಯುವನಿಧಿಯ 3,000 ರೂಪಾಯಿ ಅದಕ್ಕಲ್ಲ.

ಸರ್ಕಾರಿ ನೌಕರಿಗೆ ಮಾತ್ರ ಇದೆಲ್ಲ ಲೆಕ್ಕಕ್ಕಿಲ್ಲ. ಅಲ್ಲಿ ಪರೀಕ್ಷೆ, ಮೀಸಲಾತಿ, 371(ಜೆ) ಪ್ರಮಾಣಪತ್ರ, ಅಷ್ಟೆ.

ಈಗ ಅಂಗಡಿ ಮಾಲೀಕರಿಗೊಂದು ಮಾತು. ನಿಮ್ಮಲ್ಲಿ ದುಡಿದ ಹುಡುಗನ ಬಗ್ಗೆ ಎರಡು ಸಾಲು ಶಿಫಾರಸು ಬರೆಯಲು ಲಿಂಕ್ಡ್‌ಇನ್‌ನಲ್ಲಿ ಜಾಗವಿದೆ. ಅದಕ್ಕೆ ನಿಮಗೂ ಖಾತೆ ಇರಬೇಕು, ಪುಕ್ಕಟೆಯೇ. ಅಷ್ಟೆಲ್ಲ ಯಾರು ಮಾಡೋರು ಎನ್ನುವವರು ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಇಂತಿಂಥ ಕೆಲಸ, ಇಷ್ಟು ತಿಂಗಳು ಎಂದು ಬರೆದು, ಸೀಲು ಒತ್ತಿ, ಸಹಿ ಮಾಡಿ ಕೊಡಿ. ಹುಡುಗ ಅದರ ಫೋಟೋ ತೆಗೆದು ಅನುಭವದ ಕೆಳಗೆ ಸೇರಿಸಿಕೊಳ್ಳುತ್ತಾನೆ.