ಹಳೇ ಕೋಲ್ಟ್ 1911: ಕಪಾಟಿಗೋ, ಸೊಂಟಕ್ಕೋ?

ಅಮೆರಿಕದ ಸೇನೆ 1911ರ ಮಾರ್ಚ್‌ನಲ್ಲಿ ಒಪ್ಪಿಕೊಂಡ ಪಿಸ್ತೂಲು ಇದು. ವಿನ್ಯಾಸ ಜಾನ್ ಬ್ರೌನಿಂಗ್ ಅವರದು. ಮೊದಲನೇ ಮಹಾಯುದ್ಧದ ಕಾಲದ ಕೋಲ್ಟ್ ಒಂದು ಮಾರಾಟಕ್ಕೆ ಬಂದರೆ, ಬಲ್ಲವರು ಮೊದಲು ಮ್ಯಾಗಜಿನ್ ತೆಗೆದು ಚೇಂಬರ್ ಖಾಲಿಯಿದೆಯೇ ಎಂದು ನೋಡುತ್ತಾರೆ. ಬೆಲೆಯ ಮಾತು ಆಮೇಲೆ.

ನಂತರ ಕಣ್ಣು ಹೋಗುವುದು ಟ್ರಿಗರ್ ಹಿಂದಿನ ಫ್ರೇಮಿಗೆ. ಅಲ್ಲಿ ಅರ್ಧಚಂದ್ರದಂತೆ ಕೊರೆದ ತಗ್ಗು ಇದ್ದರೆ ಅದು 1920ರ ದಶಕದ ನಡುವೆ ಬಂದ ಎ1 ಮಾದರಿ. ಮೊದಲ ಮಾದರಿಯಲ್ಲಿ ಆ ತಗ್ಗಿಲ್ಲ. ಟ್ರಿಗರ್ ಉದ್ದ, ಹಿಡಿಯ ಹಿಂಭಾಗ ಚಪ್ಪಟೆ. ವಾಲ್‌ನಟ್ ಮರದ ಹಿಡಿಯಲ್ಲಿ ಪ್ರತಿ ಸ್ಕ್ರೂ ಸುತ್ತ ಗೆರೆ ಕೊರೆಯದೆ ಬಿಟ್ಟ ವಜ್ರಾಕಾರದ ನುಣುಪು ಜಾಗ. ಫ್ರೇಮಿನ ಎಡಗಡೆ ಸರ್ಕಾರಿ ಸ್ವತ್ತೆಂಬ ಮುದ್ರೆ ಇದ್ದರೆ ಅದು ಸೇನೆಗೆ ಹೋದದ್ದು.

ಮೋಸ ಹೋಗುವುದು ಹೊಳಪಿಗೆ. ಮತ್ತೆ ಪಾಲಿಷ್ ಹೊಡೆಸಿ ಬ್ಲೂಯಿಂಗ್ ಮಾಡಿಸಿದ ಪಿಸ್ತೂಲಿನಲ್ಲಿ ಅಕ್ಷರಗಳ ಅಂಚು ಸವೆದಿರುತ್ತದೆ, ಚೂಪಾಗಿರಬೇಕಾದ ಮೂಲೆಗಳು ದುಂಡಗಾಗಿರುತ್ತವೆ. ಸಂಗ್ರಹಕಾರರ ಲೆಕ್ಕದಲ್ಲಿ ಅದರ ಬೆಲೆ ಕುಸಿಯುತ್ತದೆ. ಬಣ್ಣ ಮಾಸಿದ್ದರೂ ಯಾರೂ ಕೈಯಾಡಿಸದೆ ಉಳಿದದ್ದಕ್ಕೇ ಹೆಚ್ಚು ಬೇಡಿಕೆ.

ದಿನಬಳಕೆಗೆ? ಖಂಡಿತ ಬೇಡ.

ಆ ಕಾಲದ ಸ್ಲೈಡ್‌ಗಳ ಉಕ್ಕು ಇಂದಿನಂತೆ ಪೂರ್ತಿ ಹದಗೊಳಿಸಿದ್ದಲ್ಲ. ಗುಂಡು ಹಾರಿಸುತ್ತಾ ಹೋದರೆ ಬಿರುಕು ಬಿಡುವ ಭಯವಿದೆ. ನೂರು ವರ್ಷ ಉಳಿದ ವಸ್ತುವನ್ನು ಹಾಗೆ ಕಳೆದುಕೊಳ್ಳುವುದು ಸಂಕಟದ ವಿಷಯ. ಗುರಿ ಹಿಡಿಯುವ ಮೊನೆಯೂ ತೀರಾ ಸಣ್ಣದು. ಕೈಜಾರಿ ಬಿದ್ದಾಗ ಫೈರಿಂಗ್ ಪಿನ್ ತಡೆಯುವ ಬ್ಲಾಕ್ ಇದರಲ್ಲಿಲ್ಲ. ಕೋಲ್ಟ್‌ನ ಸೀರೀಸ್ 80 ಪಿಸ್ತೂಲುಗಳಲ್ಲಿ 1983ರಿಂದ ಅದು ಇದೆ. ನಿತ್ಯ ಒಯ್ಯುವವರಿಗೆ ಅದೇ ವಿನ್ಯಾಸದ ಹೊಸ ಪಿಸ್ತೂಲುಗಳು ಅಮೆರಿಕದಲ್ಲಿ ಈಗಲೂ ತಯಾರಾಗುತ್ತಿವೆ.