ಅಂಕಿಯಿಂದ ಅರ್ಥಕ್ಕೆ: ವೈದ್ಯಯಂತ್ರವನ್ನು ಜನರಿಗೆ ವಿವರಿಸುವ ಬಗೆ

ಬೆರಳ ತುದಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಹಳ್ಳಿಯ ಮನೆಗಳನ್ನೂ ಪ್ರವೇಶಿಸಿತು. ಅದರಲ್ಲಿ 85 ಎಂಬ ಅಂಕಿ ಮೂಡಿದರೆ, ಶಾಲೆಯ ಅಂಕಪಟ್ಟಿಯನ್ನಷ್ಟೇ ಕಂಡವರಿಗೆ ಅದು ಉತ್ತಮ ದರ್ಜೆಯಂತೆ ತೋರುವುದು ಸಹಜ. ವಸ್ತುತಃ ಅದು ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬ ಎಚ್ಚರಿಕೆ. ಆರೋಗ್ಯವಂತರಲ್ಲಿ ಈ ಅಂಕಿ ಸಾಮಾನ್ಯವಾಗಿ 95ರಿಂದ 100ರವರೆಗೆ ಇರುತ್ತದೆ. 90ಕ್ಕಿಂತ ಕೆಳಗಿಳಿದರೆ ಅಪಾಯ. ಯಂತ್ರವು ಸರಿಯಾಗಿ ಅಳೆದರೂ ಮಾತು ಸರಿಯಾಗಿ ತಲುಪದಿದ್ದರೆ ಪ್ರಾಣಕ್ಕೆ ಕುತ್ತು. ಆದ್ದರಿಂದ ಇಂಥ ಯಂತ್ರದ ವಿವರಣೆಯು ಭಾಷಾವಿದ್ಯಾರ್ಥಿಗಳ ಕೆಲಸವೂ ಹೌದು.

ಮೊದಲು ವಿಷಯವನ್ನು ನಾವು ಅರಿಯಬೇಕು. ಪ್ರಾಣವಾಯು ತುಂಬಿದ ರಕ್ತದ ಬಣ್ಣ ಹೊಳೆವ ಕೆಂಪು. ಅದನ್ನು ಕಳೆದುಕೊಂಡ ರಕ್ತದ್ದು ಕಪ್ಪು ಬೆರೆತ ಕೆಂಪು. ಯಂತ್ರವು ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ಯಾವುದು ಎಷ್ಟು ಹೀರಲ್ಪಟ್ಟಿತೆಂದು ಲೆಕ್ಕಹಾಕುತ್ತದೆ. ಈ ತತ್ತ್ವವನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ತಕುವೊ ಅಯೊಯಾಗಿ.

ಇದನ್ನು ಹತ್ತಿಯ ವ್ಯಾಪಾರಕ್ಕೆ ಹೆಸರಾದ ಆದವಾನಿಯ ಸೀಮೆಯಲ್ಲಿ ಹೇಳುವುದಾದರೆ ಹತ್ತಿಯ ಬಂಡಿಯ ಹೋಲಿಕೆ ಒದಗುತ್ತದೆ: ರಕ್ತದಲ್ಲಿ ನೂರು ಬಂಡಿಗಳಿದ್ದರೆ ಅವುಗಳಲ್ಲಿ ಎಷ್ಟು ತುಂಬಿವೆ ಎಂಬುದೇ ಆ ಅಂಕಿ. ‘ಬಂಡಿ’ ಕನ್ನಡಕ್ಕೂ ತೆಲುಗಿಗೂ ಸಮಾನವಾದ ಪದ. ಆದರೆ ಕಾವ್ಯದ ಉಪಮೆಗೆ ಸಮಾನಧರ್ಮ ಸಾಕು. ವಿವರಣೆಯ ಉಪಮೆಯಲ್ಲಿ ವ್ಯತ್ಯಾಸವನ್ನೂ ಹೇಳಬೇಕು. ಹದಿನೈದು ಬಂಡಿ ಖಾಲಿ ಹೋದರೆ ವ್ಯಾಪಾರಿಗೆ ಲಾಭ ತಗ್ಗೀತು. ದೇಹವು ಆ ಕೊರತೆಯನ್ನು ತಾಳಲಾರದು.

ಎರಡು ಭಾಷೆಗಳು ಬೆರೆತಲ್ಲಿ ಇನ್ನೊಂದು ತೊಡಕುಂಟು. ಕನ್ನಡದಲ್ಲಿ ‘ಆಯಾಸ’ವೆಂದರೆ ದಣಿವು, ತೆಲುಗಿನ ‘ಆಯಾಸಂ’ ಬಳಕೆಯಲ್ಲಿ ಏದುಸಿರು, ಉಬ್ಬಸ. ಆಂಧ್ರಪ್ರದೇಶದಲ್ಲಿ 2019ರ ನವೆಂಬರಿನಲ್ಲಿ ಆರಂಭವಾದ ಇ-ಸಂಜೀವನಿ ವ್ಯವಸ್ಥೆಯಲ್ಲಿ, ಹಳ್ಳಿಯ ಆರೋಗ್ಯಕೇಂದ್ರದಲ್ಲಿ ಕುಳಿತ ರೋಗಿಯು ದೂರದ ವೈದ್ಯರೊಡನೆ ಪರದೆಯ ಮೂಲಕ ಮಾತನಾಡುತ್ತಾನೆ. ‘ಆಯಾಸಂ’ ಉಂಟೇ ಎಂದು ವೈದ್ಯರು ತೆಲುಗಿನಲ್ಲಿ ಕೇಳಿದಾಗ, ಕನ್ನಡಿಗನಾದ ವೃದ್ಧನೊಬ್ಬನು ದಣಿವಿನ ಮಾತೆಂದು ತಿಳಿದು ‘ಇಲ್ಲ’ ಎಂದರೆ ಮುಖ್ಯ ಲಕ್ಷಣವೇ ಮರೆಯಾಗುತ್ತದೆ. ‘ಉಸಿರು ಕಟ್ಟುತ್ತದೆಯೇ, ನಾಲ್ಕು ಹೆಜ್ಜೆ ನಡೆದರೆ ನಿಲ್ಲಬೇಕಾಗುತ್ತದೆಯೇ?’ ಎಂದು ಬಿಡಿಸಿ ಕೇಳುವುದೇ ಕ್ಷೇಮ.

ವಿವರಣೆಯ ಕ್ರಮವೂ ಮುಖ್ಯ. ಯಾವ ಅಂಕಿಗೆ ಏನು ಮಾಡಬೇಕೆಂಬುದನ್ನು ಮೊದಲು ಹೇಳಬೇಕು; ಯಂತ್ರದ ರಚನೆ ಆಮೇಲೆ. ಅದರ ಮಿತಿಗಳನ್ನು ಮುಚ್ಚಿಡಬಾರದು: ಬೆರಳು ತಣ್ಣಗಿದ್ದರೆ, ಅಲುಗಿದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪಬಹುದು, ಕಪ್ಪು ಚರ್ಮದವರಲ್ಲಿ ನಿಜಕ್ಕಿಂತ ಹೆಚ್ಚಾಗಿಯೂ ತೋರಬಹುದು. ಆದುದರಿಂದ ಅಂಕಿ ಚೆನ್ನಾಗಿದ್ದರೂ ಉಸಿರಾಟ ಕಷ್ಟವಾದರೆ ವೈದ್ಯರನ್ನು ಕಾಣಲೇಬೇಕು.

ಕೊನೆಯಲ್ಲಿ ‘ಅರ್ಥವಾಯಿತೇ?’ ಎಂದು ಕೇಳಿದರೆ ಸಂಕೋಚದಿಂದ ಎಲ್ಲರೂ ತಲೆಯಾಡಿಸುತ್ತಾರೆ. ಅದಕ್ಕೆ ಬದಲು, ‘ರಾತ್ರಿ ಮನೆಯಲ್ಲಿ 88 ತೋರಿಸಿದರೆ ನೀವೇನು ಮಾಡುವಿರಿ?’ ಎಂದು ಕೇಳಬೇಕು. ಕೇಳುಗರು ಕೊಡುವ ಉತ್ತರದಲ್ಲಿ ನಮ್ಮ ವಿವರಣೆಯ ಪರೀಕ್ಷೆಯಾಗುತ್ತದೆ.