ಬಿಳಿಮಚ್ಚೆಗಳ ಆಚೆ

ಲಂಡನ್ನಿನ ಕ್ವೀನ್ ಸ್ಕ್ವೇರಿನಲ್ಲಿ, ಮರಗಳ ನೆರಳಿನ ಪುಟ್ಟ ತೋಟಕ್ಕೆ ಮುಖಮಾಡಿ ನಿಂತಿರುವ ಹಳೆಯ ನರರೋಗ ಆಸ್ಪತ್ರೆಯ ಬಾಗಿಲು ದಾಟಿ ಎಂಆರ್‌ಐ ಕೋಣೆಯತ್ತ ಬನ್ನಿ. ಉಂಗುರ, ಓಲೆ, ಗಡಿಯಾರ ಕಳಚಿಟ್ಟು, ಕಿವಿಗೆ ಬಿರಡೆ ಒತ್ತಿಕೊಂಡು, ತಲೆಯ ಎರಡೂ ಬದಿಗೆ ಸ್ಪಂಜಿನ ಆಸರೆ ಇಡಿಸಿಕೊಂಡು ಮಲಗಿದವರ ಅಂಗೈಗೆ ಒಂದು ರಬ್ಬರ್ ಬುಗ್ಗೆ ಸಿಗುತ್ತದೆ, ದಿಗಿಲಾದರೆ ಹಿಸುಕಿದರಾಯಿತು. ಹಲಗೆ ಮೆಲ್ಲಗೆ ಒಳಗೆ ಜಾರುತ್ತದೆ. ಆಮೇಲೆ ಸದ್ದು: ಮರಕುಟಿಗನಂತೆ ಒಂದೇ ಸಮನೆ ಕುಟ್ಟುವುದು, ಒಮ್ಮೆಲೇ ಗುಂಯ್‌ಗುಡುವುದು, ಹಲಗೆಯೇ ನಡುಗುವಂತೆ ಅಬ್ಬರಿಸುವುದು. ಭೂಮಿಯ ಕಾಂತಶಕ್ತಿಗಿಂತ ಹತ್ತಾರು ಸಾವಿರ ಪಟ್ಟು ಬಲದ 3 ಟೆಸ್ಲಾ ಅಯಸ್ಕಾಂತದೊಳಗೆ ತಂತಿಸುರುಳಿಗಳು ಅದುರುವ ಸದ್ದು ಅದು.

ಸದ್ದು ಬದಲಾದಾಗಲೆಲ್ಲ ಗಾಜಿನಾಚೆಯ ಪರದೆಯಲ್ಲಿ ನೋಟವೂ ಬದಲಾಗುತ್ತದೆ. ಒಂದು ಚಿತ್ರದಲ್ಲಿ ಮಿದುಳಿನ ನೀರ್ಗುಳಿಗಳು ಕಪ್ಪಾಗಿ, ಅವುಗಳ ಅಂಚಿನಲ್ಲಿ ಬಿಳಿಮಚ್ಚೆಗಳು ಎದ್ದು ಕಾಣುತ್ತವೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ದೇಹದ ರಕ್ಷಣಾಪಡೆಯೇ ನರತಂತುಗಳ ಮಯಲಿನ್ ಹೊದಿಕೆಯನ್ನು ಕೆಡವಿದ ಗುರುತುಗಳಿವು. ಪ್ಯಾರಿಸ್ಸಿನ ವೈದ್ಯ ಶಾರ್ಕೋ 1868ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಮಚ್ಚೆ ನೋಡಲು ಶವವನ್ನೇ ಕೊಯ್ಯಬೇಕಿತ್ತು. ಬದುಕಿರುವವರ ಮಿದುಳಿನಲ್ಲಿ ಅವನ್ನು ಎಂಆರ್‌ಐ ತೋರಿಸಿದ ಮೊದಲ ವರದಿ ಬಂದದ್ದು 1981ರಲ್ಲಿ, ಇದೇ ಲಂಡನ್ನಿನಿಂದ.

ಆದರೆ ಮಚ್ಚೆಗಳ ಲೆಕ್ಕವೇ ಪೂರ್ತಿ ಕಥೆಯಲ್ಲ. ಮಚ್ಚೆ ಹೆಚ್ಚದಿದ್ದರೂ ನಡಿಗೆ ಕುಂದಿದವರು, ಸಂಜೆಯ ಹೊತ್ತಿಗೆ ಮಾತೂ ಭಾರವಾಗುವಷ್ಟು ದಣಿಯುವವರು ಎಷ್ಟೋ ಮಂದಿ. ಅವರ ನೋವಿಗೆ ಸಾಕ್ಷಿ ಹುಡುಕುವುದೇ ಹೊಸ ತಂತ್ರಗಳ ದೊಡ್ಡ ಕೆಲಸ ಎಂದು ನನಗನಿಸುತ್ತದೆ. ಹಲಗೆ ನಡುಗಿಸುವ ಆ ಅಬ್ಬರ, ನರತಂತುವಿನ ಗುಂಟ ನೀರಿನ ಕಣಗಳು ಹೇಗೆ ಸರಿಯುತ್ತವೆಂದು ಅಳೆಯುತ್ತಿರುತ್ತದೆ. ತಂತು ಸವೆದಲ್ಲಿ ನೀರು ದಿಕ್ಕುತಪ್ಪಿ ಅಡ್ಡಡ್ಡ ಹರಡುತ್ತದೆ. ಇನ್ನೊಂದು ಚಿತ್ರದಲ್ಲಿ ಮಚ್ಚೆಯ ನಟ್ಟನಡುವೆ ಹಾದುಹೋದ ಸಣ್ಣ ರಕ್ತನಾಳ ಕಪ್ಪು ಗೆರೆಯಾಗಿ ಕಾಣುತ್ತದೆ, ಕೆಲವು ಮಚ್ಚೆಗಳ ಸುತ್ತ ಕಬ್ಬಿಣಾಂಶದ ಕಪ್ಪು ಬಳೆ. ಬಳೆಯಿದ್ದರೆ ಒಳಗೆ ಉರಿಯೂತ ಇನ್ನೂ ಆರಿಲ್ಲವೆಂದೇ ಅರ್ಥ. ರೋಗ ಗುರುತಿಸುವ ಮ್ಯಾಕ್‌ಡೊನಾಲ್ಡ್ ಸೂತ್ರಗಳು 2024ರಲ್ಲಿ ಪರಿಷ್ಕಾರಗೊಂಡಾಗ ಈ ಎರಡೂ ಗುರುತುಗಳಿಗೆ ಜಾಗ ಸಿಕ್ಕಿತು.

ಮಿದುಳಿನ ಗಾತ್ರವನ್ನೂ ಅಳೆಯುತ್ತಾರೆ. ಆರೋಗ್ಯವಂತರ ಮಿದುಳು ವರ್ಷಕ್ಕೆ ಸುಮಾರು ಶೇ 0.1ರಿಂದ 0.3ರಷ್ಟು ಕುಗ್ಗಿದರೆ, ಚಿಕಿತ್ಸೆಯಿಲ್ಲದ ಈ ರೋಗದಲ್ಲಿ ಶೇ 0.5ರಿಂದ 1.3ರಷ್ಟು. ಕಣ್ಣಂದಾಜಿಗೆ ಸಿಗದ ಈ ವ್ಯತ್ಯಾಸವನ್ನು ಕಂಪ್ಯೂಟರು ಹಳೆಯ, ಹೊಸ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಹಿಡಿಯುತ್ತದೆ.

ಕುಗ್ಗಿದ್ದು ಮರಳಿ ಬೆಳೆಯುವುದಿಲ್ಲ. ಹಾಗಾಗಿ ಒಂದು ಕಣ್ಣು ನೋವಿನೊಡನೆ ಮಂಜಾದರೆ, ಕೈಕಾಲಿನ ಜೋಮು ದಿನ ಕಳೆದರೂ ಬಿಡದಿದ್ದರೆ, ತಾನಾಗಿ ಸರಿಹೋದೀತೆಂದು ಕಾಯದೆ ನರರೋಗ ತಜ್ಞರನ್ನು ಕಾಣಿ.